ಮೀಟರಣ್ಣನ ಸೊಂಟ ಹಿಡಿದದ್ದು

ಸೊಂಟ ಹಿಡಿಯುವುದಕ್ಕೂ ಒಂದು ಗೌರವದ ಕಾರಣ ಬೇಕು. ಮೂಟೆ ಹೊರಲು ಹೋಗಿ ಹಿಡಿದರೆ ಅದು ದುಡಿಯುವವನ ಸೊಂಟ. ಬೀಳುವ ಮಗುವನ್ನು ಹಿಡಿಯಲು ಹೋಗಿ ಹಿಡಿದರೆ ಪುಣ್ಯವಂತನ ಸೊಂಟ. ಹೆಂಡತಿಯ ಮೇಲೆ ಸಿಟ್ಟಾಗಿ ಮಂಚ ಎಳೆದಾಡಿ ಹಿಡಿದರೂ ಅದಕ್ಕೊಂದು ಸಂಸಾರದ ಕಳೆ ಇರುತ್ತದೆ. ಮೀಟರಣ್ಣನ ಸೊಂಟ ಹಿಡಿದದ್ದು ಕಾಲುಚೀಲದಿಂದ. ಮಂಚದ ಕೆಳಗೆ ಬಿದ್ದಿದ್ದ ಒಂದೇ ಒಂದು ಕಾಲುಚೀಲ, ಅದೂ ಒಗೆಯದ್ದು.

ಮೀಟರಣ್ಣ ನೀರಿನ ಇಲಾಖೆಯಲ್ಲಿ ಮೀಟರ್ ಓದುವವನು. ಮನೆಮನೆಯ ಗೇಟು ತೆರೆದು, ಗಿಡದ ಸಂದಿಯಲ್ಲೋ ಮೆಟ್ಟಿಲ ಕೆಳಗೋ ಇರುವ ಗುಂಡಿಯ ಕಬ್ಬಿಣದ ಮುಚ್ಚಳ ಎತ್ತಿ, ಅರ್ಧ ಮೈ ಒಳಗಿಳಿಸಿ ಬಗ್ಗಿ, ಗಾಜಿನ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿ, ಟಾರ್ಚು ಬಿಟ್ಟು ಅಂಕಿ ಓದುವುದು ಅವನ ಕೆಲಸ. ಹೀಗೆ ಬಗ್ಗಿ ಬಗ್ಗಿಯೇ ತಲೆ ನರೆತಿತ್ತು. ಊರಿನ ಅರ್ಧ ಜನಕ್ಕೆ ಅವನ ಬೆನ್ನು ಗೊತ್ತು, ಮುಖ ಗೊತ್ತಿಲ್ಲ. "ಅಮ್ಮಾ, ಮೀಟರ್!" ಅಂದರೆ ಒಳಗಿನಿಂದ "ಹೂಂ, ನೋಡ್ಕೊಳ್ಳಿ" ಅನ್ನುತ್ತಿದ್ದರು, ಅದಕ್ಕಿಂತ ಉದ್ದದ ಮಾತುಕತೆ ಅವನ ದಿನದಲ್ಲಿ ಇರುತ್ತಿರಲಿಲ್ಲ. ಮದುವೆ ಆಗಿರಲಿಲ್ಲ. ತಾಯಿ ಇದ್ದಷ್ಟು ದಿನ ತಾಯಿ ಇದ್ದಳು. ಆಮೇಲೆ ಉಳಿದದ್ದು ಮೂರನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ಮಂಚ, ಒಂದು ಕಬ್ಬಿಣದ ಬೀರು, ಒಂದು ಕುರ್ಚಿ. ಎರಡನೆಯ ಕುರ್ಚಿ ತಂದಿದ್ದರೂ ಅದರ ಮೇಲೆ ಕೂರಲು ಯಾರೂ ಇರಲಿಲ್ಲ.

ಊರಿನ ಗುಂಡಿಗಳಿಗೆಲ್ಲ ಬಗ್ಗಿ ಒಂದು ದಿನವೂ ಮುನಿಯದ ಬೆನ್ನು, ಆ ಬೆಳಿಗ್ಗೆ ಕಾಲುಚೀಲಕ್ಕೆ ಬಗ್ಗಿದಾಗ ಒಳಗೆಲ್ಲೋ 'ಕಳಕ್' ಎಂದಿತು. ಮೀಟರಣ್ಣ ಹಾಗೇ ನೆಲಕ್ಕೆ ಕೈ ಊರಿದ. ಮೇಲೇಳಲು ನೋಡಿದ, ಆಗಲಿಲ್ಲ; ಮಲಗಲು ನೋಡಿದ, ಅದೂ ಆಗಲಿಲ್ಲ. ಕೂಗಬೇಕೆಂದುಕೊಂಡ. ಆದರೆ ಯಾರ ಹೆಸರು ಹಿಡಿದು ಕೂಗುವುದು ಎಂಬ ಪ್ರಶ್ನೆ ಬಂತು. ಅದಕ್ಕೆ ಉತ್ತರ ಹೊಳೆಯದೆ, ನಾಲ್ಕು ಕಾಲಿನ ಪ್ರಾಣಿಯಾಗಿ, ಮೊಣಕಾಲಿನಿಂದ ಧಡ್ ಧಡ್ ಎಂದು ನೆಲ ಗುದ್ದುತ್ತ, ಬಾಗಿಲ ಕಡೆ ಹೊರಟ.

ಅವನ ಕೋಣೆಯ ಕೆಳಗೇ ಇದ್ದವರು ಹೆಡ್‌ಮಿಸ್ಸು. ಶಾಲೆಯಿಂದ ನಿವೃತ್ತರಾಗಿ ಬಹಳ ಕಾಲವಾಗಿತ್ತು. ಆದರೆ ಶಾಲೆ ಅವರಿಂದ ನಿವೃತ್ತವಾಗಿರಲಿಲ್ಲ. ಕಟ್ಟಡದ ಹಿರಿಯರು ಕಿರಿಯರೆಲ್ಲ ಅವರಿಗೆ ಏಕವಚನ. ಮೆಟ್ಟಿಲ ಮೇಲೆ ಧೂಳು ಕಂಡರೆ ಬೈಗುಳ, ನಲ್ಲಿ ತೊಟ್ಟಿಕ್ಕಿದರೆ ಬೈಗುಳ, ಎರಡೂ ಇಲ್ಲದ ದಿನ 'ಏನಿದು, ಎಲ್ಲ ಸತ್ತ ಹಾಗೆ ಇದ್ದೀರಿ' ಎಂದು ಬೈಗುಳ. ತಲೆಯ ಮೇಲೆ ಧಡ್ ಧಡ್ ಕೇಳಿದ್ದೇ ಅವರು ಮೇಲೆ ಬಂದರು. ಬಾಗಿಲು ತೆರೆದರೆ ಹೊಸ್ತಿಲ ಬಳಿ ಮೀಟರಣ್ಣ ಬಾಗಿಲಿಗೆ ಕಟ್ಟಿದ ಎತ್ತಿನಂತೆ ನಿಂತಿದ್ದ.

"ಏನೋ ಇದು, ನಾಲ್ಕು ಕಾಲಲ್ಲಿ?"

"ಸೊಂಟ ಹಿಡ್ಕೊಂಡ್ಬಿಡ್ತು, ಮೇಡಂ."

"ಹೇಗೆ?"

ಹೇಳಬಹುದಿತ್ತು. ಆದರೆ ಹೆಡ್‌ಮಿಸ್ಸಿನಂಥವರ ಎದುರು, ಇಂಥ ಭಂಗಿಯಲ್ಲಿ, ಒಗೆಯದ ಕಾಲುಚೀಲದ ಹೆಸರು ಎತ್ತಲು ಅಸಾಮಾನ್ಯ ಧೈರ್ಯ ಬೇಕು. ಕಣ್ಣಿಗೆ ಬೀರು ಕಂಡಿತು.

"ಬೀರು ಎತ್ತಿದೆ."

"ಒಬ್ಬನೇ?"

"ಒಬ್ಬನೇ," ಎಂದ ಮೀಟರಣ್ಣ. ಆ ಒಂದು ಪದವಾದರೂ ನಿಜವಾಗಿತ್ತು.

"ಯಾಕೆ ಎತ್ತಿದೆ?"

"ಕೆಳಗೆ ಗುಡಿಸೋಣ ಅಂತ."

ಹೆಡ್‌ಮಿಸ್ಸಿನ ಮುಖದಲ್ಲಿ ಆ ಕಟ್ಟಡ ಹಿಂದೆಂದೂ ನೋಡಿರದ ಒಂದು ಮೃದುತ್ವ ಮೂಡಿತು. ಬೀರು ಎತ್ತಿ ಅದರ ಕೆಳಗೆ ಗುಡಿಸುವ ಮನುಷ್ಯ! ಅವರು ಮೆಟ್ಟಿಲ ಕಡೆ ತಿರುಗಿ ಎದುರು ಮನೆಯ ಟೈಲರನ್ನು ಕೂಗಿದರು. ಟೈಲರ್ ಕತ್ತಿನಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ ಓಡಿಬಂದ. ಅವನ ಹಿಂದೆ ಅವನ ಹೆಂಡತಿ. ಅವಳ ಹಿಂದೆ ಕಟ್ಟಡ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಈ ಮಾತು ಹೋದದ್ದಷ್ಟೇ ಅಲ್ಲ, ಹೋಗುತ್ತ ಹೋಗುತ್ತ ಬೆಳೆಯಿತು. ಮೂರನೆಯ ಮಹಡಿಯಲ್ಲಿ ಬೀರು ಖಾಲಿಯಿತ್ತು. ಎರಡನೆಯ ಮಹಡಿಗೆ ಬರುವಾಗ ಅದರಲ್ಲಿ ಬಟ್ಟೆ ತುಂಬಿತು. ನೆಲಮಹಡಿ ತಲುಪುವಷ್ಟರಲ್ಲಿ ಮೀಟರಣ್ಣ ಅದನ್ನು ತಲೆಯ ಮೇಲೆ ಇಟ್ಟುಕೊಂಡು ಕೋಣೆಯಲ್ಲಿ ಒಂದು ಸುತ್ತು ಹಾಕಿದ್ದ.

"ಇದು ಡಿಸ್ಕೇ," ಎಂದ ಟೈಲರ್, ಖಚಿತವಾಗಿ. "ಡಿಸ್ಕ್ ಅಂದ್ರೆ ಅಂಗಿ ಗುಂಡಿ ಇದ್ದ ಹಾಗೆ. ಒಂದು ಸಲ ಕಾಜಾದಿಂದ ಜಾರ್ತು ಅಂದ್ರೆ ಆಮೇಲೆ ಕೆಮ್ಮಿದ್ರೂ ಜಾರುತ್ತೆ. ಅಲ್ಲಾಡಬೇಡಿ. ಮಾತೂ ಆಡಬೇಡಿ."

ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿ ಆಸ್ಪತ್ರೆಗೆ ಒಯ್ದರು. ಹೆಡ್‌ಮಿಸ್ಸು ಮುಂದಿನ ಸೀಟಿನಲ್ಲಿ ಕೂತು ಡ್ರೈವರನಿಗೆ ಪ್ರತಿ ತಿರುವಿನಲ್ಲೂ ಪಾಠ ಹೇಳಿದರು.

ಡಾಕ್ಟರು ಮೀಟರಣ್ಣನನ್ನು ಒಬ್ಬನನ್ನೇ ಒಳಗೆ ಕರೆದರು. ಒಂದೊಂದೇ ಕಾಲನ್ನು ಎತ್ತಿ ನೋಡಿದರು, ಮಂಡಿಗೆ ಪುಟ್ಟ ಸುತ್ತಿಗೆಯಿಂದ ಕುಟ್ಟಿದರು, ಕಾಲ ಹೆಬ್ಬೆರಳನ್ನು ತಳ್ಳು ಅಂದರು.

"ಕಾಲಲ್ಲಿ ಜೋಮು ಇದೆಯಾ? ಕೂರೋ ಜಾಗದಲ್ಲಿ?"

"ಇಲ್ಲ."

"ಒಂದಕ್ಕೆ ಎರಡಕ್ಕೆ ಹಿಡಿತ ತಪ್ಪಿದೆಯಾ?"

"ಇಲ್ಲ."

"ಜ್ವರ? ತೂಕ ಇಳಿಯೋದು? ಎಲ್ಲಾದ್ರೂ ಬಿದ್ರಾ?"

ಒಂದೊಂದು 'ಇಲ್ಲ'ಕ್ಕೂ ಮೀಟರಣ್ಣನಿಗೆ ಪರೀಕ್ಷೆಯಲ್ಲಿ ಒಂದೊಂದು ಪ್ರಶ್ನೆ ತಪ್ಪಿದಂತಾಗುತ್ತಿತ್ತು. ಕೊನೆಗೆ ಅವನೇ ಕೇಳಿದ: "ಎಕ್ಸ್‌ರೇ?"

"ಬೇಡ."

"ಸ್ಕ್ಯಾನಾದ್ರೂ?"

"ಅದೂ ಬೇಡ."

"ಹಾಗಾದ್ರೆ ನನಗೆ ಏನೂ ಇಲ್ವಾ, ಡಾಕ್ಟ್ರೇ?" ಅವನ ದನಿ ಅಳುವವನ ದನಿಯಂತಿತ್ತು.

"ನೋವಿದೆ, ಅದು ನಿಜ," ಎಂದರು ಡಾಕ್ಟರು. "ಆದ್ರೆ ಏನೂ ಮುರಿದಿಲ್ಲ. ಸ್ನಾಯು ಹಿಡಿದಿದೆ. ಇಂಥದ್ದು ಹೆಚ್ಚಿನವರಿಗೆ ಕೆಲವು ವಾರದಲ್ಲಿ ತಾನೇ ಕಮ್ಮಿ ಆಗುತ್ತೆ. ಮಲಗಬೇಡಿ. ಓಡಾಡಿ. ನೋವಿಗೆ ಮಾತ್ರೆ ಕೊಡ್ತೀನಿ, ಅದು ಓಡಾಡೋಕೆ ಅನುಕೂಲ ಆಗಲಿ ಅಂತ, ಮಲಗೋಕಲ್ಲ. ನಿಧಾನವಾಗಿ ಕೆಲಸಕ್ಕೂ ಹೋಗಿ. ಗುರುವಾರ ಗುರುವಾರ ಇಲ್ಲಿ ಬೆನ್ನಿನ ಪಾಠ ಇದೆ, ಬನ್ನಿ. ನಾನು ಹೇಳಿದ್ದು ನಿಮ್ಮ ಮನೆಯವರಿಗೂ ಹೇಳಿ."

ಮನೆಯವರೆಂದರೆ ಹೊರಗೆ ಬೆಂಚಿನ ಮೇಲೆ ಕೂತಿದ್ದ ಹೆಡ್‌ಮಿಸ್ಸು ಮತ್ತು ಟೈಲರ್. ಮೀಟರಣ್ಣ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದ.

"ಏನಂದ್ರು?" ಇಬ್ಬರೂ ಒಟ್ಟಿಗೆ ಎದ್ದು ನಿಂತರು.

"ಮಲಗಬೇ—" ಎಂದ ಮೀಟರಣ್ಣ. ಅಷ್ಟರಲ್ಲಿ ಹೊಸ್ತಿಲು ದಾಟಲು ಎತ್ತಿದ ಕಾಲು ಸೊಂಟವನ್ನು ಎಳೆಯಿತು. "ಅಯ್ಯಯ್ಯೋ!"

"ಮಲಗಬೇಕಂತೆ, ಮೇಡಂ!" ಎಂದ ಟೈಲರ್.

ಕನ್ನಡದಲ್ಲಿ ಈ ಅಪಾಯ ಮೊದಲಿನಿಂದಲೂ ಇದೆ. 'ಬೇ' ಎನ್ನುವವರೆಗೆ ಎರಡು ಮಾತಿಗೂ ಒಂದೇ ದಾರಿ. ಅಲ್ಲಿಂದ ಒಂದು ಬೇಕಿನ ಕಡೆ, ಒಂದು ಬೇಡದ ಕಡೆ. ಆ ಕವಲಿನಲ್ಲೇ ಮೀಟರಣ್ಣನ ಉಸಿರು ನಿಂತಿತ್ತು.

"ಎಷ್ಟು ದಿನ?" ಎಂದು ಹೆಡ್‌ಮಿಸ್ಸು ಕೇಳಿದರು.

ಮೀಟರಣ್ಣ ಬೀಳದಿರಲು ಕಂಬ ಹಿಡಿಯೋಣವೆಂದು ಬೆರಳು ಅಗಲಿಸಿ ಕೈ ಎತ್ತಿದ.

"ಐದು ವಾರ!" ಎಂದ ಟೈಲರ್.

ಉಸಿರು ವಾಪಸ್ಸು ಬಂದ ಮೇಲೆ ಅವನು ತಿದ್ದಲು ಬಾಯಿ ತೆರೆದದ್ದು ನಿಜ. ಆದರೆ ಅಷ್ಟರಲ್ಲಿ ಹೆಡ್‌ಮಿಸ್ಸು ಅವನ ಭುಜದ ಮೇಲೆ ಕೈಯಿಟ್ಟರು. "ನೋಡು, ನನಗೆ ಯಾರೂ ಇಲ್ಲ ಅಂದ್ಕೋಬೇಡ. ಕಟ್ಟಡ ಇದೆ," ಎಂದರು. ಮೀಟರಣ್ಣನ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಕಟ್ಟಡ ನಿಜಕ್ಕೂ ಟೊಂಕ ಕಟ್ಟಿ ನಿಂತಿತು. ಟೊಂಕವಿಲ್ಲದೆ ಮಲಗಿದವನು ಮೀಟರಣ್ಣ ಒಬ್ಬನೇ. ಹಾಸಿಗೆ ತೆಗೆದು ಹಲಗೆ ಹಾಕಿದರು. ಒಬ್ಬರು ಬಿಸಿನೀರಿನ ಚೀಲ ತಂದರೆ ಇನ್ನೊಬ್ಬರು ಬಿಸಿ ವಿಷ ಎಂದು ಐಸು ತಂದರು. ಟೈಲರನ ಹೆಂಡತಿ ದಿನಾ ಊಟದ ಡಬ್ಬಿ ತಂದಳು. ಊರಾಚೆಯ ದೂರದ ಸಂಬಂಧದ ಅಕ್ಕನೊಬ್ಬಳು ಫೋನು ಮಾಡಿ, ತನ್ನ ನಾದಿನಿಯ ಗಂಡ ಹೀಗೇ ಮಲಗಿದವನು ಈಗಲೂ ಮಲಗೇ ಇದ್ದಾನೆಂದು ಧೈರ್ಯ ಹೇಳಿದಳು. ಕೂರಲು ಕುರ್ಚಿ ಸಾಲದೆ ಬಂದವರೆಲ್ಲ ತಮ್ಮ ತಮ್ಮ ಕುರ್ಚಿ ಹೊತ್ತು ತಂದು, ನಾಳೆ ಮತ್ತೆ ಬರುವುದಿದೆಯಲ್ಲ ಎಂದು ಅಲ್ಲೇ ಬಿಟ್ಟುಹೋದರು.

ಸಂಜೆಯಾದರೆ ಆ ಕೋಣೆಯಲ್ಲಿ ಸಭೆ. ಮೊದಲು ಸೊಂಟದ ವಿಚಾರ. ಆಮೇಲೆ ನಲ್ಲಿಯಲ್ಲಿ ನೀರು ಸಣ್ಣಗೆ ಬರುವ ವಿಚಾರ. ಆಮೇಲೆ ಯಾರ ಮಗಳು ಯಾರ ಜೊತೆ ಮಾತು ಬಿಟ್ಟಳೆಂಬ ವಿಚಾರ. ಅಷ್ಟು ಹೊತ್ತಿಗೆ ರೋಗಿ ಒಬ್ಬನಿದ್ದಾನೆಂಬುದನ್ನೇ ಎಲ್ಲರೂ ಮರೆಯುತ್ತಿದ್ದರು. ಅದು ಮೀಟರಣ್ಣನಿಗೆ ಎಲ್ಲಕ್ಕಿಂತ ಇಷ್ಟ. ಊರಿನ ಮನೆಗಳ ಅಂಗಳವನ್ನಷ್ಟೇ ಕಂಡ ಮನುಷ್ಯ ಈಗ ಒಂದು ಮನೆಯ ಒಳಗಿದ್ದ, ಮತ್ತು ಆ ಮನೆ ತನ್ನದೇ. ಕಣ್ಣು ಮುಚ್ಚಿ, ಬೆನ್ನ ಕೆಳಗಿನ ಹಲಗೆಯ ಗಂಟನ್ನು ಸಹಿಸಿಕೊಂಡು, ಜನರ ಮಾತಿನ ಗದ್ದಲದಲ್ಲಿ ಮಗುವಿನಂತೆ ಮಲಗಿರುತ್ತಿದ್ದ. 'ನಾಳೆ ಹೇಳಿದರಾಯಿತು' ಅಂದುಕೊಳ್ಳುತ್ತಿದ್ದ. ಮಾತ್ರೆ ನುಂಗಿ, ಡಾಕ್ಟರು ಬೇಡವೆಂದಿದ್ದನ್ನು ನಿಷ್ಠೆಯಿಂದ ಮಾಡುತ್ತಿದ್ದ.

ಆದರೆ ಅನುಕಂಪವೂ ಹಾಲಿನ ಹಾಗೆ; ಹೆಚ್ಚು ದಿನ ಇಟ್ಟರೆ ಕೆಡುತ್ತದೆ. ಶಾಲೆ ತೆರೆಯುವ ಕಾಲ ಬಂತು, ಟೈಲರನಿಗೆ ಸಮವಸ್ತ್ರದ ರಾಶಿ. ಅವನ ಮಿಷನ್ನು ಎದುರು ಮನೆಯಲ್ಲಿ ಒಂದೇ ಸಮ ಗಡಗಡ ಎನ್ನುತ್ತಿತ್ತು. ಮನುಷ್ಯ ಮಾತ್ರ ಕಾಣುತ್ತಿರಲಿಲ್ಲ. ಉಳಿದವರು ಮೊದಲು ಒಳಗೆ ಬಂದು ಕೂರುತ್ತಿದ್ದವರು ಬಾಗಿಲಲ್ಲಿ ನಿಂತು ಕೇಳತೊಡಗಿದರು. ಆಮೇಲೆ ಮೆಟ್ಟಿಲಿಳಿಯುತ್ತಲೇ "ಹೇಗಿದ್ದೀರಿ?" ಎಂದು, ಉತ್ತರ ಬರುವ ಮೊದಲು ಕೆಳಗಿನ ಮಹಡಿ ತಲುಪತೊಡಗಿದರು. ಊಟದ ಡಬ್ಬಿ ಬಾಗಿಲ ಚಿಲಕಕ್ಕೆ ನೇತುಬೀಳತೊಡಗಿತು.

ಒಂದು ದಿನ ಇಲಾಖೆಯ ಸೂಪರ್‌ವೈಸರ್ ನೋಡಲು ಬಂದ. ಮಂಚದ ಸುತ್ತ ಖಾಲಿ ಕುರ್ಚಿಗಳ ಸಾಲು ಕಂಡು, ಯಾವುದರ ಮೇಲೆ ಕೂರಬೇಕೆಂದು ತಿಳಿಯದೆ ನಿಂತೇ ಮಾತಾಡಿದ.

"ನೀವೇನೂ ಯೋಚನೆ ಮಾಡ್ಬೇಡಿ. ನಿಮ್ಮ ಬೀದಿಗಳಿಗೆ ಬೇರೆಯವರನ್ನ ಹಾಕಿದ್ದೀವಿ. ನೀವು ಬರ್ತಿಲ್ಲ ಅಂತ ಒಬ್ಬರೂ ಕೇಳಿಲ್ಲ. ಒಬ್ಬರೂ!" ಸಮಾಧಾನ ಹೇಳಿದ ತೃಪ್ತಿಯಲ್ಲಿ ಅವನು ಹೊರಟುಹೋದ.

ಮೀಟರಣ್ಣ ಗೋಡೆಯ ಕಡೆ ತಿರುಗಲು ನೋಡಿದ. ಆಗಲಿಲ್ಲ. ಮೊದಲ ದಿನಗಳಲ್ಲಿ ಹಗುರಾಗುತ್ತಿದ್ದ ಸೊಂಟ ಮಲಗಿ ಮಲಗಿ ಈಗ ಒಣಗಿದ ಚರ್ಮದಂತೆ ಬಿಗಿದಿತ್ತು. ನೋವು ಈಗ ಹಗಲೆಲ್ಲ ಇರುತ್ತಿತ್ತು. ಬೇರೆ ಯಾರೂ ಇಲ್ಲದ ಕಾರಣ ಅವನು ಅದನ್ನೇ ಮಾತಾಡಿಸುತ್ತಿದ್ದ. ಸುಳ್ಳು ಹೇಳಿ ಮಲಗಿದವನಿಗೆ ರೋಗ ನಿಜವಾಗಿ ಬಂದಿತ್ತು, ಮತ್ತು ಅದನ್ನು ಹೇಳಿಕೊಳ್ಳಲು ಜನ ಇರಲಿಲ್ಲ.

ಅದರ ನಡುವೆ ಇನ್ನೊಂದು ವಿಷಯ ಅವನ ಗಮನಕ್ಕೆ ಬಂತು. ಕೆಳಗಿನಿಂದ ಹೆಡ್‌ಮಿಸ್ಸಿನ ಬೈಗುಳ ಕೇಳುತ್ತಿರಲಿಲ್ಲ. ಮೆಟ್ಟಿಲ ಮೇಲೆ ಯಾರೋ ಬಕೆಟ್ಟು ಚೆಲ್ಲಿದರೂ ಇಲ್ಲ. ಚಿಲಕಕ್ಕೆ ಡಬ್ಬಿ ಹಾಕಲು ಬಂದ ಟೈಲರನ ಹೆಂಡತಿಯನ್ನು ಕರೆದು ಕೇಳಿದ.

"ಅಯ್ಯೋ, ನಿಮಗೆ ಗೊತ್ತಿಲ್ವಾ ಅಣ್ಣಾ? ಅವರಿಗೂ ಸೊಂಟ ಹಿಡಿದಿದೆ. ಆಸ್ಪತ್ರೆಗೆ ಹೋಗೋಣ ಅಂದ್ರೆ, 'ಯಾಕೆ, ಮೀಟರಣ್ಣನಿಗೆ ದೊಡ್ಡ ಡಾಕ್ಟ್ರು ಹೇಳಿದ್ದು ಗೊತ್ತಲ್ಲ, ನನಗೂ ಅದೇ' ಅಂದ್ರು. ಹಲಗೆ ಹಾಕಿಸ್ಕೊಂಡು ಅಲ್ಲಾಡದೆ ಮಲಗಿದ್ದಾರೆ. ಐದು ವಾರವಂತೆ."

ಅವಳು ಹೋದ ಮೇಲೆ ಮೀಟರಣ್ಣ ಬಹಳ ಹೊತ್ತು ಸೂರು ನೋಡಿದ. ತಾನು ಮಲಗಿದ್ದು ತನ್ನ ಸೊಂಟದ ಪಾಡು. ಆದರೆ ಆ ಮುದುಕಿ? ಮೆಟ್ಟಿಲಲ್ಲಿ ಎಲ್ಲರಿಗಿಂತ ಮೊದಲು ಇಳಿದು ಎಲ್ಲರಿಗಿಂತ ಕೊನೆಗೆ ಬೈಯುತ್ತ ಹತ್ತುತ್ತಿದ್ದವರು. ಅವನು ಎದ್ದ. ಒಮ್ಮೆಲೇ ಎದ್ದನೆಂದಲ್ಲ, ಮಗ್ಗುಲಾಗಿ, ಮೊಣಕೈ ಊರಿ, ದೇವರನ್ನೂ ಟೈಲರನನ್ನೂ ಬೈದುಕೊಂಡು ಎದ್ದ. ಅಂದು ಗುರುವಾರ. ಹೆಡ್‌ಮಿಸ್ಸಿನ ಬಾಗಿಲ ಮುಂದೆ ಕಳ್ಳನಂತೆ ಹಾದು ಆಸ್ಪತ್ರೆಗೆ ಹೋದ.

ಬೆನ್ನಿನ ಪಾಠ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ನಡೆಯುತ್ತಿತ್ತು. ಒಬ್ಬ ಬಸ್ ಡ್ರೈವರ್, ಒಬ್ಬ ಅಡಿಗೆಯವನು, ಕಂಕುಳಲ್ಲಿ ಕೂಸು ಹಿಡಿದ ಒಬ್ಬ ತಾಯಿ, ಇನ್ನೂ ಕೆಲವರು. ಎಲ್ಲರೂ ಕೋಲು ನುಂಗಿದವರಂತೆ ಕೂತಿದ್ದರು. ಪಾಠ ಹೇಳುವ ಫಿಸಿಯೋ ಮೇಡಂ ಪ್ಲಾಸ್ಟಿಕ್ಕಿನ ಬೆನ್ನೆಲುಬೊಂದನ್ನು ಕೈಯಲ್ಲಿ ಹಿಡಿದಿದ್ದರು. ಅದನ್ನು ಅತ್ತ ಬಗ್ಗಿಸಿದರು, ಇತ್ತ ತಿರುಚಿದರು, ಇದ್ದಕ್ಕಿದ್ದಂತೆ "ಹಿಡೀರಿ!" ಎಂದು ಬಸ್ ಡ್ರೈವರನ ಕಡೆ ಎಸೆದರು. ಡ್ರೈವರ್ ಬೆಚ್ಚಿ, ಎದ್ದು, ಬಗ್ಗಿ ಹಿಡಿದ.

"ನೋಡಿ, ಬಗ್ಗೋಕೆ ಆಗಲ್ಲ ಅಂದವರು ಬಗ್ಗಿದ್ರಿ," ಎಂದರು ಮೇಡಂ. ಡ್ರೈವರ್ ಆಗ ನೆನಪಾದವನಂತೆ "ಅಮ್ಮಾ" ಎಂದು ಸೊಂಟ ಹಿಡಿದುಕೊಂಡ. "ಬೆನ್ನು ಗಾಜಿನ ಲೋಟ ಅಲ್ಲ. ನೋವು ಅಂದ್ರೆ ಒಳಗೆ ಏನೋ ಒಡೆದಿದೆ ಅಂತಲೂ ಅಲ್ಲ. ನೋವು ಒಂದು ಕಾವಲು ನಾಯಿ. ಕಳ್ಳ ಬಂದ್ರೂ ಬೊಗಳುತ್ತೆ, ಎಲೆ ಅಲ್ಲಾಡಿದ್ರೂ ಬೊಗಳುತ್ತೆ. ನಿದ್ದೆ ಕೆಟ್ಟಾಗ, ಹೆದರಿದಾಗ, ಮನೇಲಿ ಒಬ್ಬರೇ ಇದ್ದಾಗ ಇನ್ನೂ ಜಾಸ್ತಿ ಬೊಗಳುತ್ತೆ. ನಾಯಿ ಬೊಗಳ್ತು ಅಂತ ಏನು ಮಾಡ್ತೀರಿ?"

ನಾಯಿಯ ವಿಷಯ ಬಂದರೆ ಮೀಟರ್ ಓದುವವನಷ್ಟು ಬಲ್ಲವರು ಯಾರು? ಮೀಟರಣ್ಣ ತನಗೇ ತಿಳಿಯದೆ ಕೈ ಎತ್ತಿದ. "ಓಡಬಾರದು, ಮೇಡಂ. ಹೆದರಿ ನಿಂತುಬಿಡಲೂ ಬಾರದು. ಏನೂ ಆಗಿಲ್ಲ ಅನ್ನೋ ಹಾಗೆ ನಿಧಾನ ನಡೀತಾ ಇರಬೇಕು. ಆಮೇಲೆ ಅದೇ ಸುಮ್ಮನಾಗುತ್ತೆ."

"ಭೇಷ್! ನೀವು ಹಾಗೇ ಮಾಡಿದ್ರಾ?"

"ಇಲ್ಲ. ಮಲಗಿದ್ದೆ."

ಎಲ್ಲರೂ ನಕ್ಕರು. ಕೂಸೂ ನಕ್ಕಿತು.

ಪಾಠ ಮುಗಿದ ಮೇಲೆ ಅವನು ಮೇಡಂ ಬಳಿ ನಿಂತು ಗಂಟಲು ಸರಿಮಾಡಿಕೊಂಡ. "ನಮ್ಮ ಕಟ್ಟಡದಲ್ಲಿ ಒಬ್ಬರು ವಯಸ್ಸಾದವರು ಇದ್ದಾರೆ. ಡಾಕ್ಟ್ರು ಹೇಳಿದ್ರು ಅಂತ ಅಲ್ಲಾಡದೆ ಮಲಗಿದ್ದಾರೆ."

"ಯಾವ ಡಾಕ್ಟ್ರು?"

"ನಮ್ಮ ಡಾಕ್ಟ್ರೇ. ಅಂದ್ರೆ, ಅವರು ಹೇಳಿದ್ದಲ್ಲ. ಅವರು ಹೇಳಿದ್ರು ಅಂತ ನಾನು... ನಾನೂ ಹೇಳಿದ್ದಲ್ಲ. ಟೈಲರ್ ಹೇಳಿದ."

ಮೇಡಂ ಇದನ್ನು ಬಿಡಿಸಲು ಹೋಗಲಿಲ್ಲ. "ಬಿದ್ದಿದ್ದಾರಾ, ಜ್ವರ ಇದೆಯಾ, ಕಾಲಲ್ಲಿ ಶಕ್ತಿ ಹೋಗಿದೆಯಾ, ಒಂದಕ್ಕೆ ಎರಡಕ್ಕೆ ತೊಂದ್ರೆ ಇದೆಯಾ, ಕೇಳಿ. ಇದ್ರೆ ತಕ್ಷಣ ಕರ್ಕೊಂಡು ಬನ್ನಿ. ಇಲ್ಲದಿದ್ರೆ ಇವತ್ತೇ ಎಬ್ಬಿಸಿ, ಆಮೇಲೆ ಡಾಕ್ಟ್ರಿಗೆ ತೋರಿಸಿ. ಆ ವಯಸ್ಸಲ್ಲಿ ಹಾಸಿಗೆ ಹಿಡಿದ್ರೆ, ಆಮೇಲೆ ಕಾಲು ಹಾಸಿಗೆ ಮಾತೇ ಕೇಳೋದು."

ಮೀಟರಣ್ಣ ಹಿಂದಿರುಗುವ ದಾರಿಯಲ್ಲಿ ಸೊಂಟ ಬೊಗಳುತ್ತಲೇ ಇತ್ತು. ಅವನಿಗೆ ಅದನ್ನು ಕೇಳುವ ವ್ಯವಧಾನ ಇರಲಿಲ್ಲ.

ಹೆಡ್‌ಮಿಸ್ಸಿನ ಬಾಗಿಲಿಗೆ ಅಗಳಿ ಹಾಕಿರಲಿಲ್ಲ. ಚಿಲಕಕ್ಕೆ ಡಬ್ಬಿ ನೇತಾಡುತ್ತಿತ್ತು, ಯಾರೂ ತೆಗೆದಿರಲಿಲ್ಲ. ಒಳಗೆ ಹಲಗೆಯ ಮೇಲೆ ಹೆಡ್‌ಮಿಸ್ಸು ಅಂಗಾತ ಮಲಗಿದ್ದರು. ಕನ್ನಡಕವಿಲ್ಲದ ಅವರ ಮುಖ ಇಷ್ಟು ಚಿಕ್ಕದೆಂದು ಅವನಿಗೆ ಗೊತ್ತಿರಲಿಲ್ಲ. ಮಂಚದ ಸುತ್ತ ನಾಲ್ಕು ಕುರ್ಚಿಗಳನ್ನು ಅರ್ಧಚಂದ್ರಾಕಾರವಾಗಿ ಹಾಕಲಾಗಿತ್ತು.

"ಯಾರು? ಮೀಟರಣ್ಣನಾ? ಎದ್ದು ಓಡಾಡ್ತಿದ್ದೀಯಾ! ಐದು ವಾರ ಆಯ್ತಾ? ಹೋಗು, ಮಲಗು!"

"ಮೇಡಂ, ಮೊದಲು ಒಂದು ಮಾತು. ನೀವು ಬಿದ್ರಾ?"

"ಇಲ್ಲ."

"ಜ್ವರ?"

"ಇಲ್ಲ. ಏನಿದು ವಿಚಾರಣೆ?"

"ಕಾಲು ಅಲ್ಲಾಡಿಸಿ. ಹಾಂ. ಇನ್ನೊಂದು ಕಾಲು. ಮೇಡಂ, ತಪ್ಪು ತಿಳೀಬೇಡಿ." ಮೀಟರಣ್ಣ ಕಣ್ಣು ಮುಚ್ಚಿಕೊಂಡ. "ಒಂದಕ್ಕೆ ಎರಡಕ್ಕೆ ತೊಂದ್ರೆ ಇಲ್ಲ ತಾನೇ?"

ಕೋಣೆಯಲ್ಲಿ ಇನ್‌ಸ್ಪೆಕ್ಟರು ಬಂದ ದಿನದ ತರಗತಿಯಂಥ ನಿಶ್ಶಬ್ದ.

"ಆ ವಿಷಯ ನನ್ನನ್ನ ಮಕ್ಕಳು ಬೆರಳು ಎತ್ತಿ ಕೇಳ್ತಿದ್ರು," ಎಂದರು ಹೆಡ್‌ಮಿಸ್ಸು, ಒಂದೊಂದೇ ಪದವಾಗಿ. "ಅವರ ತೊಂದ್ರೆಗೆ. ನನ್ನ ತೊಂದ್ರೆ ಕೇಳಿದವನು ನೀನೇ ಮೊದಲು. ಇಲ್ಲ. ಸರಿಯಾಗಿದೆ. ಈಗ ಹೇಳು, ಏನು ಸಮಾಚಾರ?"

"ನೀವು ಏಳಬೇಕಂತೆ."

"ಯಾರು ಹೇಳಿದ್ದು?"

"ಆಸ್ಪತ್ರೇಲಿ. ಪಾಠದಲ್ಲಿ."

"ಅದೇ ಆಸ್ಪತ್ರೇಲಿ ಮಲಗು ಅಂದ್ರು, ಈಗ ಏಳು ಅಂತಾರಾ?"

"ಮಲಗು ಅನ್ನಲಿಲ್ಲ, ಮೇಡಂ."

"ನನ್ನ ಕಿವಿಯಾರೆ ಕೇಳಿದ್ದೀನಿ. ನೀನೇ ಬಾಗಿಲಲ್ಲಿ ನಿಂತು, 'ಮಲಗಬೇಕು' ಅಂದೆ."

"ನಾನು 'ಮಲಗಬೇ' ಅಂದೆ. 'ಕು' ಅಂದಿದ್ದು ಟೈಲರ್."

ಹೆಡ್‌ಮಿಸ್ಸು ತಲೆಯಷ್ಟನ್ನೇ ತಿರುಗಿಸಿ ಅವನನ್ನು ನೋಡಿದರು. "ನಿನ್ನದು ಏನಿತ್ತು?"

"ಡಿ."

"ಏನು?"

"ಬೇಡಿ. ಮಲಗಬೇಡಿ ಅಂದಿದ್ರು ಡಾಕ್ಟ್ರು. ಓಡಾಡಿ ಅಂದಿದ್ರು. ಬೀರೂ ಸುಳ್ಳು, ಮೇಡಂ. ಕಾಲುಚೀಲ ಎತ್ತಕ್ಕೆ ಹೋಗಿದ್ದೆ."

ಆಗ ನಡೆದದ್ದನ್ನು ವೈದ್ಯಶಾಸ್ತ್ರ ಹೇಗೆ ವಿವರಿಸುತ್ತದೋ ತಿಳಿಯದು. ಹಲಗೆಗೆ ಅಂಟಿಕೊಂಡಿದ್ದ ಹೆಡ್‌ಮಿಸ್ಸು ಮಗ್ಗುಲಾದರು, ಕೈಯೂರಿದರು, ಕೂತರು, ಕಾಲು ಇಳಿಬಿಟ್ಟರು, ಎದ್ದು ನಿಂತರು. "ಒಂದು ಅಕ್ಷರ!" ಎಂದರು. "ಒಂದು ಅಕ್ಷರ ತಿದ್ದಕ್ಕೆ ನಿನಗೆ ನಾಲಿಗೆ ಇರಲಿಲ್ವಾ? ನನ್ನ ಜನ್ಮವೆಲ್ಲ ಅಕ್ಷರ ತಿದ್ದೋದ್ರಲ್ಲೇ ಹೋಯ್ತು. ನನಗೇ ತಪ್ಪಕ್ಷರ ಕಟ್ಟಿ ಮಲಗಿಸಿಬಿಟ್ಟೆಯಲ್ಲೋ, ಮಹಾನುಭಾವಾ!"

"ಮೇಡಂ, ನಿಂತಿದ್ದೀರಿ."

"ನಿಂತೇ ಬೈಯೋದು ನಾನು! ಯಾವತ್ತಾದ್ರೂ ಕೂತು ಬೈದಿದ್ದೀನಾ?" ಎಂದವರು ತಮ್ಮ ಕಾಲು ನೋಡಿಕೊಂಡರು. ಮಂಡಿ ನಡುಗುತ್ತಿತ್ತು. ಮೀಟರಣ್ಣ ಓಡಿ ಒಂದು ಕುರ್ಚಿ ಎಳೆದುಕೊಟ್ಟ. ಅದರ ಬೆನ್ನು ಹಿಡಿದು ನಿಂತ ಹೆಡ್‌ಮಿಸ್ಸಿನ ಬೆರಳುಗಳಿಗೆ ಧೂಳು ಹತ್ತಿತು. ಉಳಿದ ಮೂರು ಕುರ್ಚಿಗಳ ಮೇಲೂ ಧೂಳು ಕೂತಿತ್ತು. ಧೂಳಿನ ಹೊರತು ಬೇರೆ ಯಾರೂ ಕೂತಿರಲಿಲ್ಲ.

ಅವರು ಬೆರಳನ್ನು ಸೀರೆಗೆ ಒರೆಸಿಕೊಂಡರು. ದನಿ ಇಳಿಯಿತು.

"ಮಲ್ಕೊಳ್ಳೋ ಮೊದಲು ನಾನೇ ಹಾಕಿದ್ದು ಈ ಕುರ್ಚಿಗಳನ್ನ. ಸೊಂಟ ಹಿಡ್ಕೊಂಡೇ ಹಾಕಿದೆ. ನಿನಗೆ ಬಂದ ಹಾಗೆ ಜನ ಬಂದ್ರೆ ಕೂರಕ್ಕೆ ಬೇಕಲ್ಲ ಅಂತ." ಕುರ್ಚಿಯ ಬೆನ್ನನ್ನು ಮತ್ತೆ ಹಿಡಿದುಕೊಂಡರು. "ನೋವು ಸುಳ್ಳಲ್ಲ. ನೋವು ಇತ್ತು. ಡಬ್ಬಿ ಬರ್ತಿತ್ತು. ಚಿಲಕದ ಶಬ್ದ ಆಗೋದು. ಆಮೇಲೆ ಮೆಟ್ಟಿಲಿನ ಶಬ್ದ."

ಮೀಟರಣ್ಣ ಅಂಗಿಯ ತುದಿಯಿಂದ ಇನ್ನೊಂದು ಕುರ್ಚಿಯ ಧೂಳು ಒರೆಸಿದ.

"ನೀನೂ ಬರಲಿಲ್ಲ," ಎಂದರು.

"ನಾನು ಮಲಗಿದ್ದೆನಲ್ಲ, ಮೇಡಂ. ಮೇಲೇ."

ಇಬ್ಬರೂ ಸೂರಿನ ಕಡೆ ನೋಡಿದರು. ಆ ಸಿಮೆಂಟಿನ ಹಾಸಿನ ಮೇಲೊಬ್ಬ, ಕೆಳಗೊಬ್ಬರು, ಒಬ್ಬರ ಮೇಲೊಬ್ಬರು ಅಂಗಾತ ಮಲಗಿ ಯಾರಾದರೂ ಬರಲೆಂದು ಕಾಯುತ್ತಿದ್ದ ದಿನಗಳು ಇಬ್ಬರ ಕಣ್ಣಿಗೂ ಕಂಡಿರಬೇಕು. ನಗು ಬರಬೇಕಿತ್ತು. ಬರಲಿಲ್ಲ.

"ಬಾಗಿಲವರೆಗೆ ನಡೀತೀರಾ?" ಎಂದು ಮೀಟರಣ್ಣ ಕೇಳಿದ.

"ಕೈ ಮುಟ್ಟಬೇಡ," ಎಂದು ಅವರು ನಡೆದರು.

ಸತ್ಯಾಂಶ ಕಟ್ಟಡಕ್ಕೆ ಆ ಸಂಜೆಯೇ ತಿಳಿಯಿತು. ಹೆಡ್‌ಮಿಸ್ಸು ಮೆಟ್ಟಿಲ ತುದಿಯಲ್ಲಿ ನಿಂತು ಎಲ್ಲ ಮಹಡಿಗಳಿಗೂ ಕೇಳುವಂತೆ ಪ್ರಕಟಿಸಿದರು. ಟೈಲರ್ ತನ್ನ ಪಾಲಿನ ತಪ್ಪನ್ನು ಒಪ್ಪಲಿಲ್ಲ. "ಅರ್ಧ ಅಳತೆ ಕೊಟ್ರೆ ನಾನು ಮಿಕ್ಕಿದ್ದು ಅಂದಾಜಲ್ಲೇ ಹೊಲಿಯೋದು," ಎಂದ. ಜನ ಒಂದು ವಾರ ನಕ್ಕರು, ಆಮೇಲೆ ಅದೂ ಹಳತಾಯಿತು. ಒಬ್ಬೊಬ್ಬರಾಗಿ ಬಂದು, "ಹುಷಾರಾದ್ರಲ್ಲ, ಸಂತೋಷ" ಎಂದು, ತಮ್ಮ ತಮ್ಮ ಕುರ್ಚಿ ಗುರುತಿಸಿ ಹೊತ್ತೊಯ್ದರು. ಯಾರಿಗೂ ಸಿಟ್ಟಿರಲಿಲ್ಲ, ಕುರ್ಚಿ ಬೇಕಾಗಿತ್ತು, ಅಷ್ಟೆ. ಮೀಟರಣ್ಣನ ಕೋಣೆ ಮತ್ತೆ ದೊಡ್ಡದಾಯಿತು.

ಡಾಕ್ಟರು ಹೆಡ್‌ಮಿಸ್ಸನ್ನೂ ಪರೀಕ್ಷಿಸಿ ಅದೇ ಮಾತು ಹೇಳಿದರು. ಈ ಸಲ ಪೂರ್ತಿ ವಾಕ್ಯವನ್ನು ಅವರು ಡಾಕ್ಟರ ಬಾಯಿಂದ ಮತ್ತೊಮ್ಮೆ ಹೇಳಿಸಿಕೊಂಡರು. ದಿನಾ ನಡೆಯಬೇಕು, ಜೊತೆಗೊಬ್ಬರು ಇದ್ದರೆ ಒಳ್ಳೆಯದು. ಹೆಡ್‌ಮಿಸ್ಸು ಜೊತೆಗಾರನನ್ನು ಆರಿಸಲಿಲ್ಲ. ಶಿಕ್ಷೆ ಎಂದು ವಿಧಿಸಿದರು. ಮೀಟರಣ್ಣ ಕೆಲಸದಿಂದ ಬಂದ ಕೂಡಲೆ ಗೇಟಿನ ಬಳಿ ಬರಬೇಕು. ಬೀದಿಯ ಕೊನೆಯವರೆಗೆ ಹೋಗಿ ಬರಬೇಕು. ಆದರೆ ಮಾತಿಲ್ಲ. ಒಂದೇ ಒಂದು ಮಾತಿಲ್ಲ. ಅವರು ಮುಂದೆ, ಅವನು ಹಿಂದೆ. ನೋಡಿದವರು ಇಬ್ಬರಿಗೂ ಜಗಳವೆಂದರು, ಕೆಲವರು ಅಮ್ಮ ಮಗ ಎಂದರು. ಮೀಟರಣ್ಣ ಹಗಲೆಲ್ಲ ಗುಂಡಿಗಳಿಗೆ ನಿಧಾನವಾಗಿ ಬಗ್ಗಿ ಬಂದು, ಸಂಜೆ ಒಂದು ಮೌನದ ಹಿಂದೆ ನಡೆದು, ಕೋಣೆಗೆ ಹೋಗಿ ಮಲಗುತ್ತಿದ್ದ. ಸೊಂಟ ದಿನದಿನಕ್ಕೆ ಹಗುರಾಯಿತು. ಬೇರೆ ಯಾವುದೂ ಆಗಲಿಲ್ಲ. ಮಾತಾಡದಿದ್ದರೂ ಒಂದು ಬೆನ್ನು ತನ್ನ ಮುಂದೆ ನಡೆಯುತ್ತಿದೆಯಲ್ಲ ಎಂದು ಸಮಾಧಾನ ಪಟ್ಟುಕೊಳ್ಳುತ್ತಿದ್ದ.

ಒಂದು ಸಂಜೆ ಅವನಿಗೆ ತಡವಾಯಿತು. ಒಂದು ಮನೆಯ ಮೀಟರ್ ಗುಂಡಿಯ ಮುಚ್ಚಳ ತುಕ್ಕು ಹಿಡಿದು ಕೂತುಬಿಟ್ಟಿತ್ತು. ಅದನ್ನು ಏಳಿಸಿ ಅಂಕಿ ಓದುವಷ್ಟರಲ್ಲಿ ಬೀದಿದೀಪ ಹತ್ತಿತು. ಇಷ್ಟು ಹೊತ್ತಿಗೆ ಅವರು ಒಬ್ಬರೇ ನಡೆದು ಮುಗಿಸಿ ಒಳಗೆ ಹೋಗಿರುತ್ತಾರೆ ಎಂದುಕೊಂಡು ಬಂದ. ಹೆಡ್‌ಮಿಸ್ಸು ಗೇಟಿನ ಬಳಿ ನಿಂತಿದ್ದರು. ಕೈ ಗೇಟಿನ ಸರಳಿನ ಮೇಲಿತ್ತು, ಕಣ್ಣು ಅವನು ಬರುವ ದಾರಿಯ ಮೇಲಿತ್ತು.

"ಇಷ್ಟು ಹೊತ್ತು ಎಲ್ಲಿದ್ದೆ?"

ಅದು ಬೈಗುಳವೇ. ಆದರೆ ಮನೆಯಲ್ಲಿ ಯಾರಾದರೂ ಕಾದಿದ್ದರೆ ಮಾತ್ರ ಕೇಳಿಸುವ ಬೈಗುಳ.

"ಮುಚ್ಚಳ ಏಳಲಿಲ್ಲ, ಮೇಡಂ."

"ಸುಳ್ಳು ತಾನೇ?"

"ಇಲ್ಲ ಮೇಡಂ. ಇದು ನಿಜ."

"ನಡಿ," ಎಂದು ಅವರು ಹೊರಟರು. ನಾಲ್ಕು ಹೆಜ್ಜೆ ಹೋಗಿ ನಿಂತು, ಅವನು ಪಕ್ಕಕ್ಕೆ ಬರುವವರೆಗೆ ಕಾದರು. "ಬೆನ್ನು ನೆಟ್ಟಗಿಟ್ಕೊಂಡು ನಡಿಯೋ. ಗೂನು ಹಾಕ್ಬೇಡ."

"ಹೇಗೆ ನಡೆದ್ರೂ ಪರವಾಗಿಲ್ಲ, ನಡೆದ್ರೆ ಸಾಕು ಅಂತ ಪಾಠದಲ್ಲಿ ಹೇಳಿದ್ದಾರೆ, ಮೇಡಂ."

"ಅದು ಅವರ ಪಾಠ. ನನ್ನ ಜೊತೆ ನಡೆಯೋವಾಗ ನೆಟ್ಟಗೆ ನಡಿ."

ಮೀಟರಣ್ಣ ನೆಟ್ಟಗಾದ. ಸ್ವಲ್ಪ ನೋಯಿತು. ಹೇಳಲಿಲ್ಲ. ಬೀದಿಯ ಕೊನೆಯವರೆಗೂ ಹೆಡ್‌ಮಿಸ್ಸು ಅವನ ನಡಿಗೆಯಲ್ಲಿ ತಪ್ಪು ಹುಡುಕುತ್ತಲೇ ಇದ್ದರು, ಅವನು ಹೂಂಗುಟ್ಟುತ್ತಲೇ ಇದ್ದ.